ರೊದ್ದಂ ಅಳಿಯನ ಸ್ವೆಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರಿಗೆ ನಶ್ಯದ ಚಟವಿರುತ್ತದೆ, ಕೆಲವರಿಗೆ ಕಾಫಿಯದು. ನಮ್ಮ ಬೀದಿಯ ಕೊನೆಯ ಮನೆಯವರಿಗೆ ಬೇರೆಯವರಿಗೆ ಬಂದ ಕಾಗದ ಓದುವ ಚಟವಿತ್ತು. ನನ್ನದು ಉಣ್ಣೆ ಹೆಣೆಯುವ ಚಟ. ಅದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಊಟಿಯಲ್ಲೋ ಮಡಿಕೇರಿಯಲ್ಲೋ ಇದ್ದಿದ್ದರೆ ತಪ್ಪೇನೂ ಇಲ್ಲ. ನಾನಿದ್ದದ್ದು ಹಿಂದೂಪುರದಲ್ಲಿ. ಅಲ್ಲಿ ಚಳಿಗಾಲವೆಂದರೆ ಧನುರ್ಮಾಸದಲ್ಲಿ ಬೆಳಗಿನ ಹೊತ್ತು ಒಂದೆರಡು ತಾಸು. ಎಂಟೂವರೆಗೆಲ್ಲ ಸೂರ್ಯ ಬಂದು, ಹೊದ್ದವರನ್ನೂ ಹೊದೆಯದವರನ್ನೂ ಒಂದೇ ಸಮನೆ ಬೇಯಿಸಲು ಶುರು ಮಾಡುತ್ತಿದ್ದ. ಅಂಥ ಊರಿನಲ್ಲಿ ನಾನು ವರ್ಷದ ಹನ್ನೆರಡು ತಿಂಗಳೂ ಮೊಣಕಾಲ ಮೇಲೆ ಉಣ್ಣೆಯ ಉಂಡೆ ಇಟ್ಟುಕೊಂಡು, ಬೆವರೊರೆಸಿಕೊಳ್ಳುತ್ತಾ ಹೆಣೆಯುತ್ತಿದ್ದೆ.

ಈ ವಿದ್ಯೆ ಕಲಿಸಿದವರು ನಮ್ಮ ಪಕ್ಕದ ಮನೆಯಲ್ಲಿದ್ದ ಮೇರಿಯಮ್ಮ. ಅವರ ಗಂಡ ರೈಲಿನಲ್ಲಿ ಗಾರ್ಡು. ನೀಲಗಿರಿಯ ಕಡೆಯವರಾದ್ದರಿಂದ ಆಕೆಗೆ ಉಣ್ಣೆ ಎಂದರೆ ನಮಗೆ ರಾಗಿ ಇದ್ದ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ, ನಮ್ಮ ಯಜಮಾನರು ಬೆಲ್ಲದ ಮಂಡಿಗೆ ಗುಮಾಸ್ತಿಕೆಗೆ ಹೋದ ಮೇಲೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದ ನನ್ನನ್ನು ಕಂಡು ಆಕೆಗೆ ಅಯ್ಯೋ ಅನ್ನಿಸಿತು. ಸೈಕಲ್ ಚಕ್ರದ ಎರಡು ಕಡ್ಡಿ ತಂದು, ತುದಿಯನ್ನು ಕಲ್ಲಿಗೆ ಉಜ್ಜಿ ನಯ ಮಾಡಿ ನನ್ನ ಕೈಗೆ ಕೊಟ್ಟರು. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಮೊದಲ ದಿನ ಹತ್ತು ಕುಣಿಕೆ ಹಾಕಿದೆ. ಅದರಲ್ಲಿ ಆರು ಜಾರಿಹೋದವು. ಉಳಿದ ನಾಲ್ಕನ್ನು ನೋಡುತ್ತಾ ಆ ಸಂಜೆ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ. ಯಜಮಾನರು ಊಟ ಮಾಡಿ, "ಏನೇ, ಇವತ್ತು ಏನಾದ್ರೂ ವ್ರತವಾ?" ಎಂದು ಕೇಳಿದರು.

ಆಮೇಲೆ ನಮ್ಮ ಮನೆಯಲ್ಲಿ ಬಟ್ಟೆ ಇಲ್ಲದ ವಸ್ತುವೇ ಉಳಿಯಲಿಲ್ಲ. ಮಸಿಕುಡಿಕೆಗೆ ಒಂದು ಟೋಪಿ, ಛತ್ರಿಯ ಹಿಡಿಗೆ ಒಂದು ಕಾಲುಚೀಲ, ತಾಮ್ರದ ಚೊಂಬಿಗೆ ಗುಂಡಿ ಇಟ್ಟ ಒಂದು ಅಂಗಿ. ಯಜಮಾನರಿಗೆ ಕಿವಿ ಮುಚ್ಚುವ ಹಾಗೆ ನೀಲಿ ಬಣ್ಣದ್ದೊಂದು ಟೋಪಿ ಹಾಕಿಕೊಟ್ಟೆ. ಅವರು ತುಂಬ ಸಾಧು. ಯುಗಾದಿ ಕಳೆದ ಮೇಲೂ ದಿನವೂ ಅದನ್ನು ತಲೆಗೆ ಹಾಕಿಕೊಂಡೇ ಹೊರಡುತ್ತಿದ್ದರು. ಬೀದಿ ತಿರುಗುತ್ತಲೇ ತೆಗೆದು ಜೇಬಿಗಿಡುತ್ತಿದ್ದರು, ಸಂಜೆ ಅದೇ ತಿರುವಿನಲ್ಲಿ ನಿಂತು ಮತ್ತೆ ಹಾಕಿಕೊಂಡು ಬರುತ್ತಿದ್ದರು ಎಂದು ನನಗೆ ಎರಡು ವರ್ಷವಾದ ಮೇಲೆ ಗೊತ್ತಾಯಿತು. ಗೊತ್ತಾದಾಗ ಅತ್ತುಬಿಟ್ಟೆ. ಆಮೇಲೆ ಯೋಚಿಸಿದರೆ, ಹೆಂಡತಿಯ ಮನಸ್ಸು ನೋಯದಿರಲೆಂದು ಆ ಬಿಸಿಲಿನಲ್ಲಿ ಕಾಲು ಮೈಲಿ ಉಣ್ಣೆಯ ಟೋಪಿ ಹೊತ್ತ ಗಂಡ ಎಷ್ಟು ಜನಕ್ಕೆ ಸಿಕ್ಕಾನು ಅನ್ನಿಸಿತು.

ಇನ್ನು ಕೂಸುಗಳ ಕುಲಾವಿ. ನಮ್ಮ ಓಣಿಯಲ್ಲಿ ಮಗು ಹುಟ್ಟಿದರೆ ಸಾಕು, ಹೆಸರಿಡುವ ಮೊದಲೇ ನನ್ನ ಕುಲಾವಿ ಅದರ ತಲೆ ಮೇಲೆ ಕೂತಿರುತ್ತಿತ್ತು. ಸುಮ್ಮನೆ ಕೊಡುತ್ತಿದ್ದೆ. ತಾಯಂದಿರು ಹೊಗಳಿದ್ದೇ ಹೊಗಳಿದ್ದು. "ರಾಜಕುಮಾರ ಕಂಡಂಗೆ ಕಾಣ್ತಾನೆ ಕಣಮ್ಮ ಗೌರಮ್ಮ, ನಿನ್ ಕೈಗೆ ಬಂಗಾರದ ಬಳೆ ತೊಡಿಸ್ಬೇಕು!" ಎನ್ನುತ್ತಿದ್ದರು. ಬಳೆಯನ್ನೇನೂ ಯಾರೂ ತೊಡಿಸಲಿಲ್ಲ. ಎರಡನೆಯ ಮಹಾಯುದ್ಧ ಶುರುವಾಗಿ ಉಣ್ಣೆ ಸಿಗುವುದೇ ಕಷ್ಟವಾದಾಗ ಯಜಮಾನರು ಮೆತ್ತಗೆ ಹೇಳಿದರು. "ಇಷ್ಟು ಚೆನ್ನಾಗಿ ಹಾಕ್ತೀಯ, ಊರಿಗೆಲ್ಲ ಹಂಚ್ತೀಯ. ಉಣ್ಣೆ ಏನು ಹುಣಸೆಮರದಲ್ಲಿ ಬಿಡ್ತದಾ? ಬೇಕಾದೋರು ಕೊಂಡ್ಕೊಳ್ಳಲಿ. ನಿನಗೂ ನಾಲ್ಕು ಕಾಸು ಆಗ್ತದೆ, ಮರ್ಯಾದೆನೂ ಇರ್ತದೆ."

ಈ ಮರ್ಯಾದೆ ಎಂಬ ಮಾತು ನನ್ನ ತಲೆಗೆ ಹೊಕ್ಕಿತು. ಮಾರನೆಯ ವಾರ ಹಿಂದಿನ ಬೀದಿಯವರೊಬ್ಬರು ಮೊಮ್ಮಗನಿಗೆ ಕುಲಾವಿ ಕೇಳಲು ಬಂದಾಗ ಧೈರ್ಯ ಮಾಡಿ, ನೆಲ ನೋಡಿಕೊಂಡು ಬೆಲೆ ಹೇಳಿದೆ. ಆಕೆ ಕೊಟ್ಟರು. ಕೊಟ್ಟು, ಕುಲಾವಿಯನ್ನು ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. "ಈ ಕಿವಿ ತಾವ ಒಂಚೂರು ಸಡ್ಲ ಆಗೈತೆ ನೋಡು. ಬಣ್ಣ ಹೋಗಲ್ಲ ತಾನೆ? ಮೇಲ್ಗಡೆ ಗೊಂಡೆ ಯಾಕೆ ಇಷ್ಟು ಸಣ್ದು?" ಎಂದರು. ಎರಡು ತಿಂಗಳ ಹಿಂದೆ ಇದೇ ಆಕೆಯ ಇನ್ನೊಂದು ಮೊಮ್ಮಗುವಿಗೆ ಇಂಥದೇ ಕುಲಾವಿ ಸುಮ್ಮನೆ ಕೊಟ್ಟಾಗ, ಗೊಂಡೆ ನೋಡಿ ನನಗೆ ದೃಷ್ಟಿಯಾಗದಿರಲೆಂದು ನೆಟಿಗೆ ತೆಗೆದಿದ್ದರು. ಅದೇ ಕೈ, ಅದೇ ಕಡ್ಡಿ, ಅದೇ ಗೊಂಡೆ. ಹಾಗೆ ನಾನು ವ್ಯಾಪಾರಕ್ಕೆ ಇಳಿದೆ.

ಆ ವರ್ಷದ ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ಕಲ್ಯಾಣದುರ್ಗದಿಂದ ನನ್ನ ಅಕ್ಕನ ಕಾಗದ ಬಂತು. ಭಾವ ಅಲ್ಲಿ ಸ್ಕೂಲು ಮೇಷ್ಟರು. ಅವರ ಪಕ್ಕದ ಮನೆಯವರು ರುದ್ರಪ್ಪಶೆಟ್ಟರು, ಶೇಂಗಾ ವ್ಯಾಪಾರಿಗಳು. ಅವರ ಹೆಂಡತಿ ಬಸಮ್ಮನವರಿಗೆ ತುರ್ತಾಗಿ ಒಂದು ಸ್ವೆಟರು ಬೇಕಾಗಿದೆ, ನೀನು ಬಂದು ಇಲ್ಲೇ ಕೂತು ಹಾಕಿಕೊಡಬೇಕು, ವಿಷಯ ಮನೆ ಮಾನದ್ದು, ಕಾಗದದಲ್ಲಿ ಬರೆಯುವಂತಿಲ್ಲ ಎಂದು ಅಕ್ಕ ಬರೆದಿದ್ದಳು. ಸ್ವೆಟರಿಗೂ ಮನೆಯ ಮಾನಕ್ಕೂ ಏನು ಸಂಬಂಧ ಎಂದು ತಿಳಿಯದೆ ಇರಲು ನನ್ನಿಂದ ಆಗಲಿಲ್ಲ. ಮೇರಿಯಮ್ಮ ಎಲ್ಲಿಂದಲೋ ತರಿಸಿಕೊಟ್ಟ ಕಂದುಗೆಂಪು ಉಣ್ಣೆಯನ್ನು ಟ್ರಂಕಿಗೆ ತುಂಬಿಕೊಂಡು ಹೊರಟೆ.

ಯುದ್ಧದ ಕಾಲದ ಬಸ್ಸಿನ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲಿನಲ್ಲಿ ಓಡುತ್ತಿದ್ದವು. ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿಕೊಂಡ ಗಾಡಿ. ಹೊರಡುವ ಮುಂಚೆ ಕ್ಲೀನರು ಅರ್ಧ ಗಂಟೆ ಚಕ್ರ ತಿರುಗಿಸಿ ಗಾಳಿ ಊದಬೇಕು. ಏರು ಬಂದರೆ ನಾವೆಲ್ಲ ಇಳಿಯಬೇಕು. ಪೆನುಗೊಂಡೆಯಲ್ಲಿ ಬಸ್ಸು ಬದಲಾಯಿಸಿದ ಮೇಲೆ ದಾರಿಯಲ್ಲಿ ಎಷ್ಟು ಸಲ ಇಳಿದೆವೋ, ನಾನು ಇಳಿದಾಗೆಲ್ಲ ಕಡ್ಡಿ ತೆಗೆದು ಒಂದು ಕುಲಾವಿ ಹೆಣೆಯುತ್ತಾ ರಸ್ತೆಯ ಪಕ್ಕ ಕೂತೆ. ಕಲ್ಯಾಣದುರ್ಗ ತಲುಪುವ ಹೊತ್ತಿಗೆ ಕುಲಾವಿ ಮುಗಿದಿತ್ತು. ಅದರ ಮೇಲೆಲ್ಲ ಇದ್ದಿಲ ಮಸಿ ಕೂತು, ಬಿಳಿ ಉಣ್ಣೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮುಖ ತೊಳೆಯುವ ಮುಂಚೆ ನನ್ನನ್ನು ಗುರುತಿಸಲು ಅಕ್ಕನಿಗೂ ಸ್ವಲ್ಪ ಹೊತ್ತು ಹಿಡಿಯಿತು.

ಬಸಮ್ಮನವರು ಕಾದೇ ಇದ್ದರು. ಹಣೆ ತುಂಬ ವಿಭೂತಿ, ಕೈ ತುಂಬ ಬಳೆ, ಎತ್ತರದ ದನಿ. ಆ ಕಡೆಯವರಿಗೆಲ್ಲ ಎರಡು ಭಾಷೆ. ಆದರೆ ಬಸಮ್ಮನವರು ಅವನ್ನು ಹಂಚಿಕೊಂಡಿದ್ದ ರೀತಿಯೇ ಬೇರೆ. ಕೋಪ ಬಂದರೆ ತೆಲುಗು, ದುಃಖ ಬಂದರೆ ಕನ್ನಡ. ಆವತ್ತು ಕನ್ನಡದಲ್ಲಿ ಶುರು ಮಾಡಿದರು.

"ಏನೇಳ್ಲಿ ಗೌರಮ್ಮ, ನನ್ ಅಳಿಯ ಮುನಿಸ್ಕಂಡ್ಬುಟ್ಟವ್ನೆ. ಮಗಳು ಬಾಣಂತನಕ್ಕೆ ಬಂದು ಮೂರು ತಿಂಗ್ಳಾತು. ದೀಪಾವಳಿಗೆ ಬಂದ, ಕರ್ಕಂಡು ಹೋಯ್ತಾನೆ ಅಂತ ನಾವಿದ್ರೆ, ಒಬ್ನೇ ಹೋಗ್ಬುಟ್ಟ. ಒಬ್ಬಟ್ಟು ಒಂದು ಚೂರೂ ಮುಟ್ಲಿಲ್ಲ ಕಣಮ್ಮ. ಕೆನ್ನೆ ಮೇಲೆ ಕೈ ಇಟ್ಕಂಡು ಹಿಂಗೇ ಕುಂತಿದ್ದ. ಮಾತಿಲ್ಲ, ಕತೆ ಇಲ್ಲ."

"ಇದಕ್ಕೂ ಸ್ವೆಟರಿಗೂ ಏನು ಸಂಬಂಧ ಬಸಮ್ಮನವರೇ?" ಎಂದು ಕೇಳಿದೆ.

"ಅವತ್ತೇ ತಾಲ್ಲೂಕು ಕಚೇರಿ ಸಾಹೇಬ್ರು ಸ್ವೆಟ್ರು ಹಾಕ್ಕಂಡು ನಮ್ ಅಂಗ್ಡಿಗೆ ಬಂದಿದ್ರು. ನಮ್ಮೋನು ಆ ಸ್ವೆಟ್ರುನೇ ನೋಡ್ತಾ ಇದ್ದ. ನಾನು ಕಣ್ಣಾರೆ ಕಂಡೆ. ರೊದ್ದಂನಾಗೆ ದೊಡ್ಡ ಮನೆ, ಬಾಯಿ ಬಿಟ್ಟು ಕೇಳ್ತಾನಾ? ನಾವೇ ತಿಳ್ಕಬೇಕು."

ರುದ್ರಪ್ಪಶೆಟ್ಟರು ಜಗಲಿಯ ಕಂಬಕ್ಕೆ ಒರಗಿಕೊಂಡು ಎಲೆ ಅಡಿಕೆ ಹಾಕುತ್ತಿದ್ದವರು, "ಕಂಬದೂರಿನ ಕುರುಬ್ರು ನೇಯ್ದ ಕಂಬ್ಳಿ ಐತಲ್ಲ, ಒಳ್ಳೇದು ಒಂದು ಕೊಟ್ರೆ ಹತ್ತು ವರ್ಷ ಬತ್ತದೆ. ಈ ಬಿಗಿ ಅಂಗಿ ಯಾಕೆ?" ಎಂದರು. ಬಸಮ್ಮನವರು ಅವರ ಕಡೆ ತಿರುಗಿ ತೆಲುಗಿನಲ್ಲಿ ಒಂದೇ ವಾಕ್ಯ ಹೇಳಿದರು. ಶೆಟ್ಟರು ಎಲೆಯ ತಟ್ಟೆ ಎತ್ತಿಕೊಂಡು ಅಂಗಡಿಗೆ ಹೋದರು.

ಇನ್ನು ಅಳತೆಯ ಪ್ರಶ್ನೆ. ಅಳಿಯ ಇರುವುದು ರೊದ್ದಂನಲ್ಲಿ, ನಾನಿರುವುದು ಕಲ್ಯಾಣದುರ್ಗದಲ್ಲಿ. ಎದುರಿಗೇ ಇದ್ದಿದ್ದರೂ ಪರ ಗಂಡಸಿನ ಎದೆಗೆ ದಾರ ಸುತ್ತುವ ಧೈರ್ಯ ನನಗೆ ಇರಲಿಲ್ಲ. ಬಸಮ್ಮನವರು ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಶರಟು ತಂದರು. "ಹೋದ ಸಲ ಬಿಟ್ಟೋಗವ್ನೆ, ಒಗೆದು ಮಡಿಸಿಟ್ಟಿದ್ದೆ" ಎಂದರು. ಬಿಡಿಸಿ ನೋಡಿದೆ. ನಮ್ಮ ಯಜಮಾನರಂಥವರು ಇಬ್ಬರು ಅದರೊಳಗೆ ಕೂತು ಚೌಕಾಬಾರ ಆಡಬಹುದಿತ್ತು.

"ಅಳಿಯಂದಿರು ಸ್ವಲ್ಪ ದಪ್ಪವೇ?" ಎಂದು ಮೆಲ್ಲಗೆ ಕೇಳಿದೆ.

ಬಸಮ್ಮನವರ ಹುಬ್ಬು ಮೇಲೇರಿತು. "ದಪ್ಪ ಏನಿಲ್ಲಮ್ಮ. ಒಳ್ಳೆ ಮೈಕಟ್ಟು. ವೀರಭದ್ರಪ್ಪ ಅಂತ ಹೆಸರಿಟ್ಕಂಡು ಸಣ್ಕಲು ಇರಕ್ಕಾಯ್ತದಾ?"

ಅಳಿಯನನ್ನು ಬಿಟ್ಟುಕೊಡುವ ಅತ್ತೆ ಎಲ್ಲಿದ್ದಾಳು. ನಾನು ಶರಟಿನ ಅಗಲ, ಉದ್ದ, ತೋಳು ಎಲ್ಲದಕ್ಕೂ ದಾರ ಹಿಡಿದು ಗಂಟು ಹಾಕಿಕೊಂಡೆ. ಆ ಮನೆಯಲ್ಲಿ ವೀರಭದ್ರಪ್ಪನವರ ಅಳತೆ ಸರಿಯಾಗಿ ತಿಳಿದವಳು ಒಬ್ಬಳಿದ್ದಳು, ಅವರ ಹೆಂಡತಿ ಶಿವಲೀಲ. ಇಪ್ಪತ್ತರ ಹುಡುಗಿ, ಮಡಿಲಲ್ಲಿ ಮಗು. ಅವಳನ್ನು ಕೇಳಬೇಕೆಂದು ನಮಗೆ ಇಬ್ಬರಿಗೂ ಹೊಳೆಯಲಿಲ್ಲ. ಗಂಡನ ಮೈ ಅಳತೆ ಹೇಳು ಎಂದು ಹೆಣ್ಣುಮಗಳನ್ನು ಕೇಳುವುದು ಸಭ್ಯತೆಯಲ್ಲ ಎಂದು ನಾನಂದುಕೊಂಡೆ. ಬಸಮ್ಮನವರಿಗಂತೂ ಮಗಳಿಗೆ ಏನಾದರೂ ತಿಳಿದಿರಬಹುದೆಂಬ ಸಂಶಯವೇ ಇರಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ದಿನವೂ ಊಟವಾದ ಮೇಲೆ ಕೂತು ಹೆಣೆದೆ. ಅಷ್ಟು ದೊಡ್ಡ ಬೆನ್ನನ್ನು ನಾನು ಜನ್ಮದಲ್ಲಿ ಹಾಕಿರಲಿಲ್ಲ. ಈ ತುದಿಯಿಂದ ಆ ತುದಿಗೆ ಒಂದು ಸಾಲು ಹೋಗಿ ಬರುವಷ್ಟರಲ್ಲಿ ಅಕ್ಕ ಅನ್ನಕ್ಕಿಟ್ಟು ಬಸಿದು ಬರುತ್ತಿದ್ದಳು. ಬಸಮ್ಮನವರು ಬೆಳಗಾದರೆ ಬಂದು ಗೇಣು ಹಾಕುತ್ತಿದ್ದರು. "ನಿನ್ನೆ ಎಲ್ಡು ಗೇಣು ಇತ್ತು, ಇವತ್ತೂ ಎಲ್ಡೇ ಐತಲ್ಲಮ್ಮ?" "ಕತ್ತು ತಾವ ಒಂದು ಹೂವು ಹಾಕು." ಮಾರನೆಯ ದಿನ, "ಹೂವು ಬ್ಯಾಡ ಕಣಮ್ಮ, ಗಂಡಸಿಗೆ ಚೆಂದಾಗಿರಲ್ಲ, ಬಿಚ್ಚು." ಹಿಂದೂಪುರದಲ್ಲಿ ಬೇಡಬೇಡವೆಂದರೂ ಹರಿದಾಡುತ್ತಿದ್ದ ನನ್ನ ಬೆರಳುಗಳು ಇಲ್ಲಿ ಕಡ್ಡಿ ಹಿಡಿಯುವ ಹೊತ್ತಾದರೆ ನೋಯತೊಡಗಿದವು. ಇಷ್ಟಪಟ್ಟು ಮಾಡುತ್ತಿದ್ದ ಕೆಲಸವನ್ನು ತಪ್ಪಿಸಿಕೊಳ್ಳಲು ನೆಪ ಹುಡುಕುತ್ತಿದ್ದೇನೆ ಎಂದು ಒಂದು ಮಧ್ಯಾಹ್ನ ನನಗೇ ಗೊತ್ತಾಯಿತು. ಅಕ್ಕನ ಮನೆಯಲ್ಲಿ ಯಾರೂ ಕೇಳದಿದ್ದರೂ ಐದು ಸೇರು ಹುಣಸೆಹಣ್ಣಿನ ಬೀಜ ಬಿಡಿಸಿಬಿಟ್ಟಿದ್ದೆ.

ನನಗೆ ಆ ಮೂರು ವಾರಗಳಲ್ಲಿ ಇದ್ದ ಸುಖವೆಂದರೆ ಶಿವಲೀಲಳೊಬ್ಬಳೇ. ಮಗುವನ್ನು ತೊಟ್ಟಿಲಿಗೆ ಹಾಕಿ ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. "ಗೌರಕ್ಕ, ನಂಗೂ ಕಲಿಸ್ರಿ" ಎಂದಳು. ಕಡ್ಡಿ ಕೊಟ್ಟೆ. ನನಗೆ ಒಂದು ತಿಂಗಳು ಹಿಡಿದದ್ದು ಅವಳಿಗೆ ನಾಲ್ಕು ದಿನದಲ್ಲಿ ಬಂತು. ಒಂದು ಕುಣಿಕೆಯೂ ಜಾರುತ್ತಿರಲಿಲ್ಲ. ನಾನು ಗುರುವಿನ ಗತ್ತಿನಲ್ಲಿ ತಪ್ಪು ಹುಡುಕಿ ಹುಡುಕಿ ಸೋತೆ. ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ನಾನು ಸ್ವೆಟರಿನ ಬೆನ್ನನ್ನು ಹರಡಿ ಅಳೆಯುವಾಗಲೆಲ್ಲ ಅವಳು ಮಗುವಿನ ಬಟ್ಟೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು, ಭುಜ ನಡುಗುತ್ತಿತ್ತು. ಗಂಡನ ನೆನಪು, ಪಾಪ, ನಾಚಿಕೆ, ಅಳುವೂ ಇರಬಹುದು ಎಂದುಕೊಂಡು ನಾನು ಬೇಗ ಬೇಗ ಹೆಣೆದೆ. "ನಿಧಾನಕ್ಕೆ ಹಾಕ್ರಿ ಅಕ್ಕ, ಅವಸರ ಏನೈತೆ" ಎನ್ನುತ್ತಿದ್ದಳು. ಎಂಥ ಸಂಯಮದ ಹುಡುಗಿ ಎಂದು ಅಕ್ಕನ ಬಳಿ ಹೊಗಳಿದೆ.

ಅಂತೂ ಮುಗಿಯಿತು. ಶೆಟ್ಟರು ಒಳ್ಳೆಯ ದಿನ ನೋಡಿ ಅಳಿಯನನ್ನು ಊಟಕ್ಕೆ ಕರೆದು ಕಾಗದ ಬರೆದರು. ಮಧ್ಯಾಹ್ನದ ಹೊತ್ತಿಗೆ ಬಂಡಿ ಬಂತು. ನಾನೂ ಅಕ್ಕನೂ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದೆವು. ಆ ಅಳಿಯನನ್ನು ಅಕ್ಕನೂ ಅದುವರೆಗೆ ಕಂಡಿರಲಿಲ್ಲ. ತಲೆಬಾಗಿಲ ಒಂದು ಕದ ಮಾತ್ರ ತೆರೆದಿತ್ತು. ವೀರಭದ್ರಪ್ಪನವರು ಅದರಲ್ಲಿ ಮೈ ಓರೆ ಮಾಡದೆಯೇ ಒಳಗೆ ಬಂದರು. ಅವರ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ನಾನು ಕಾದೆ. ಯಾರೂ ಬರಲಿಲ್ಲ. ಬಂದವರು ಅಷ್ಟೇ, ತೆಳ್ಳಗೆ, ಬೆಳ್ಳಗೆ, ಮೆಲ್ಲಗೆ. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅತ್ತ ಬಸಮ್ಮನವರು ಅಳಿಯನ ಕಡೆ ಸರಿಯಾಗಿ ನೋಡಲೂ ಸಂಕೋಚಪಟ್ಟುಕೊಂಡು, ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣಿನ ಜೊತೆ ಸ್ವೆಟರಿಟ್ಟು ಕೊಟ್ಟರು. "ಹಾಕ್ಕಳಪ್ಪ, ನಮ್ ಕಣ್ಣಿಗೆ ಒಂದು ಸಲ ಚೆಂದ ಕಾಣ್ಲಿ." ಆತ ಹಾಕಿಕೊಂಡರು. ಸ್ವೆಟರು ಭುಜದಿಂದ ಇಳಿದು ಮೊಣಕಾಲಿನವರೆಗೆ ಬಂದು ನಿಂತಿತು. ಕೈಗಳು ತೋಳಿನೊಳಗೆ ಎಲ್ಲಿಯೋ ಉಳಿದುಹೋದವು. ವೀರಭದ್ರಪ್ಪನವರು ಹಾಗೆಯೇ ಎಲೆಯ ಮುಂದೆ ಕೂತರು. ಸೆಕೆಗೆ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಊಟಕ್ಕೆ ಕೈ ಹೊರಗೆ ತರಲು ನೋಡಿದರು, ತೋಳು ಪಾಯಸದೊಳಗೆ ಇಳಿಯಿತು.

"ಸರ್ಯಾಗೈತೆ ಅತ್ತೆಮ್ಮ" ಎಂದರು.

ಆ ಸಾಧುತನವೇ ಬಸಮ್ಮನವರಿಗೆ ಸಿಡಿಲಿನಂತೆ ಬಡಿಯಿತು. ಅಳಿಯ ಕೂಗಾಡಿದ್ದರೆ ಸಮಾಧಾನ ಹೇಳಬಹುದಿತ್ತು. ಶೆಟ್ಟರು ಬೇರೆ, ಏನೋ ಹೊಸದನ್ನು ಕಂಡುಹಿಡಿದವರ ಹಾಗೆ, "ಇದು ನಮ್ ಕಂಬದೂರು ಭಾವಂಗೆ ಸರ್ಯಾಗಿ ಕುಂತ್ಕಂತದೆ ನೋಡು" ಎಂದರು. ಬಸಮ್ಮನವರಿಗೆ ಆಗ ಹೊಳೆಯಿತು. ಪೆಟ್ಟಿಗೆಯಲ್ಲಿದ್ದದ್ದು ಕಂಬದೂರಿನಿಂದ ನಾಮಕರಣಕ್ಕೆ ಬಂದಿದ್ದ ಅವರ ಅಣ್ಣನ ಶರಟು. ಗರಡಿಯಲ್ಲಿ ಸಾಮು ಮಾಡಿದ ಆಳು. ಬಸಮ್ಮನವರು ನೇರವಾಗಿ ಅಡುಗೆಮನೆಯ ಬಾಗಿಲಿಗೆ ಬಂದರು.

"ನಾ ಕೊಂಪ ಮುಂಚಿನಾವು ಕದಮ್ಮಾ!" ಎಂದರು.

ತೆಲುಗು ಬಂದಿತ್ತು. ಅವರ ಮನೆ ಮುಳುಗಿಸಿದವಳು ನಾನು ಎಂದು ಅರ್ಥ. ನಿಮ್ಮ ಅಣ್ಣನ ಶರಟನ್ನು ಕೊಟ್ಟವರು ನೀವೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಮುಂದೆ ಅಕ್ಕ ಆ ಮನೆಯ ಪಕ್ಕದಲ್ಲಿ ಬದುಕಬೇಕಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಊಟಕ್ಕೆ ಕೂತ ಅಳಿಯನ ಮುನಿಸು ಇನ್ನೆಂದೂ ಇಳಿಯುವುದಿಲ್ಲ, ಆ ಹುಡುಗಿ ಮಗುವನ್ನೆತ್ತಿಕೊಂಡು ತವರಿನಲ್ಲೇ ಮುದುಕಿಯಾಗುತ್ತಾಳೆ, ಎಲ್ಲ ನನ್ನ ಕೈಯಿಂದಾದದ್ದು ಎನ್ನಿಸಿತು.

ಆಗ ಪಡಸಾಲೆಯಲ್ಲಿ ಯಾರೋ ಬಿದ್ದು ಬಿದ್ದು ನಗತೊಡಗಿದರು. ತೊಟ್ಟಿಲ ಹಗ್ಗ ಹಿಡಿದುಕೊಂಡು ಶಿವಲೀಲ ನಗುತ್ತಿದ್ದಳು. ಮೂರು ವಾರ ಮಗುವಿನ ಬಟ್ಟೆಯಲ್ಲಿ ಬಚ್ಚಿಟ್ಟಿದ್ದ ನಗೆಯೆಲ್ಲ ಒಟ್ಟಿಗೆ ಹೊರಗೆ ಬಂದಿತ್ತು.

"ಅಮ್ಮ, ಸಾಕು ಬಿಡು. ಗೌರಕ್ಕನ್ನ ಯಾಕೆ ಬೈತೀಯ? ಅವ್ರು ಮುನಿಸ್ಕಂಡೇ ಇಲ್ಲ ಕಣಮ್ಮ."

"ಮುನಿಸ್ಕಂಡಿಲ್ವಾ? ಮತ್ತೆ ದೀಪಾವಳೀಲಿ ಒಬ್ಬಟ್ಟು ಯಾಕೆ ಮುಟ್ಲಿಲ್ಲ?"

ವೀರಭದ್ರಪ್ಪನವರು ಖಾಲಿ ತೋಳಿನ ತುದಿಯಿಂದ ಕೆನ್ನೆ ಮುಟ್ಟಿ ತೋರಿಸಿದರು. "ಹಲ್ಲು ನೋವು ಅತ್ತೆಮ್ಮ. ದವಡೆ ಊದ್ಕಂಡಿತ್ತು. ನೀವು ಅಷ್ಟು ಆಸೆಯಿಂದ ಮಾಡಿದ್ರಿ, ಎಂಗೇಳಾದು ಅಂತ ಸುಮ್ನಿದ್ದೆ."

"ಸಾಹೇಬ್ರು ಸ್ವೆಟ್ರು ಅಂಗೆ ನೋಡ್ತಿದ್ಯಲ್ಲಪ್ಪ?"

"ಅವ್ರಿಗೆ ಸೆಕೆ ಆಗಲ್ವಾ ಅಂತ ನೋಡ್ತಿದ್ದೆ."

"ಎಂಡ್ತೀನ ಕರ್ಕಂಡೋಗಕ್ಕೆ ಯಾಕೆ ಬರ್ಲಿಲ್ಲ?"

ಆತ ಕೆನ್ನೆಯಿಂದ ತೋಳು ಇಳಿಸಿದರು. ಹೆಂಡತಿಯ ಕಡೆ ನೋಡಿದರು. ಶಿವಲೀಲ ನಗು ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾನೇ ಬ್ಯಾಡ ಅಂದಿದ್ದೆ. ಯಾರ್ಗೂ ಏಳ್ಬ್ಯಾಡ ಅಂತ ಆಣೆ ಹಾಕ್ಸಿದ್ದೆ. ಅಲ್ಲಿಗೋದ್ರೆ ನಾಕು ಜನ ಸೊಸೇರಲ್ಲಿ ನಾನೇ ಕಿರೀಳು. ಕುಂತ್ಕಂಡು ಮಗೂನ ಮುಖ ನೋಡಕ್ಕೂ ಬಿಡುವಿರಲ್ಲ. ಇನ್ನೊಂದೆಲ್ಡು ತಿಂಗ್ಳು ನಿನ್ ತಾವ ಇರಾನ ಅನ್ನಿಸ್ತು ಕಣಮ್ಮ."

"ನಂಗೆ ಏಳ್ಬಾರ್ದಿತ್ತೇನೇ?"

"ಏಳಿದ್ರೆ ಇರಿಸ್ಕಂತಿದ್ಯಾ? ಊರೋರು ಏನಂತಾರೆ ಅಂತ ಮಾರ್ನೆ ದಿನ್ವೇ ಗಾಡಿ ಕಟ್ಟಿಸ್ತಿದ್ದೆ. ಸ್ವೆಟ್ರು ಮುಗಿಯೋ ಗಂಟ ಕಳ್ಸಲ್ಲ ಅಂತ ಗೊತ್ತಾತು. ಸ್ವೆಟ್ರು ದೊಡ್ಡದಾದಷ್ಟೂ ಒಳ್ಳೇದೇ ಆತು ಅಂತ ಸುಮ್ಕಿದ್ದೆ."

ಬಸಮ್ಮನವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. ಬಾಯಿ ತೆರೆದರು. ಯಾವ ಭಾಷೆಯೂ ಬರಲಿಲ್ಲ. ಅಷ್ಟು ಮಾತಿನ ಹೆಂಗಸು ಸುಮ್ಮನಾದದ್ದನ್ನು ಆ ಮನೆಯವರು ಮೊದಲ ಸಲ ಕಂಡಿರಬೇಕು, ಶೆಟ್ಟರು ಎದ್ದೇ ನಿಂತರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಹೋಗಿ ಅಳಿಯನ ಮುಂದೆ ಕೂತು, "ಆ ಅಂಗಿ ತೆಗ್ಯಪ್ಪ, ಬೆವ್ತು ಹೋಗಿದ್ದೀಯ" ಎಂದರು. ಅವರೇ ತೋಳು ಹಿಡಿದು ಎಳೆದು ಬಿಡಿಸಿದರು. ಒಬ್ಬಟ್ಟು ಬಡಿಸಿದರು, ಅದರ ಮೇಲೆ ಮುಳುಗುವಷ್ಟು ತುಪ್ಪ. ಆಮೇಲೆ ಮಗಳ ಕಡೆ ನೋಡದೆ, ತುಪ್ಪದ ಗಿಂಡಿಯ ಕಡೆ ನೋಡಿಕೊಂಡು ಹೇಳಿದರು.

"ಮಗೀಗೆ ಕತ್ತು ನಿಲ್ಲೋ ಗಂಟ ಇರು. ಊರೋರ್ಗೆ ನಾನು ಏಳ್ಕಂತೀನಿ."

ಕನ್ನಡದಲ್ಲೇ ಹೇಳಿದರು.

ಸ್ವೆಟರನ್ನು ಅಣ್ಣನಿಗೇ ಕೊಟ್ಟುಬಿಡೋಣ ಎಂದು ಬಸಮ್ಮನವರು ಅಂದಾಗ ಶಿವಲೀಲ ಒಪ್ಪಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ಕಣ್ಣೆದುರೇ ಅದರ ಒಂದು ತುದಿಯ ಎಳೆ ಹಿಡಿದು ಬಿಚ್ಚತೊಡಗಿದಳು. ಮೂರು ವಾರದ ನನ್ನ ಕೆಲಸ ಅರ್ಧ ದಿನದಲ್ಲಿ ಮತ್ತೆ ಉಂಡೆಯಾಯಿತು. ಆ ಉಣ್ಣೆಯಲ್ಲಿ ಅವಳು ಗಂಡನಿಗೆ ಒಂದು ಸ್ವೆಟರು, ಮಗುವಿಗೆ ಒಂದು ಕುಲಾವಿ, ಕಾಲಿಗೆ ಚೀಲ ಎಲ್ಲ ಹಾಕಿ, ಇನ್ನೂ ಒಂದು ಉಂಡೆ ಉಳಿಸಿದಳಂತೆ. ಬೇಸರವಾಯಿತೇ ಎಂದರೆ, ಆಯಿತು. ಆದರೆ ಅವಳು ಅಳತೆ ಹಿಡಿದ ರೀತಿ ನೋಡಿದೆ. ಗಂಡ ಬಂಡಿ ಹತ್ತುವ ಮುಂಚೆ ಎಲ್ಲರ ಎದುರಿಗೂ ನಿಲ್ಲಿಸಿ, "ಕೈ ಎತ್ರಿ" ಎಂದು ದಾರ ಸುತ್ತಿ ಅಳೆದಳು. ಆತ ಕೈ ಎತ್ತಿದರು. ಅಷ್ಟೇ. ಸಭ್ಯತೆಗೆ ಏನೂ ಆಗಲಿಲ್ಲ.

ಕೂಲಿ ಬೇಡವೆಂದು ನಾನು ಹೇಳಿದರೂ ಕೇಳದೆ, ಶೆಟ್ಟರು ಒಂದು ಮೂಟೆ ಶೇಂಗಾ ಬಸ್ಸಿನ ಮೇಲೆ ಹಾಕಿಸಿದರು. ಏರು ಬಂದಲ್ಲೆಲ್ಲ ಬಸ್ಸು ನಿಂತಾಗ ಕಂಡಕ್ಟರು ಆ ಮೂಟೆಯನ್ನೇ ದೂರುತ್ತಿದ್ದ. ಹಿಂದೂಪುರದಲ್ಲಿ ನಮ್ಮ ಯಜಮಾನರು ತಿಂಗಳುಗಟ್ಟಲೆ ಸಂಜೆ ಸಂಜೆ ನನ್ನ ಸಂಪಾದನೆಯನ್ನು ಹುರಿದುಕೊಂಡು ತಿಂದರು. "ಚೆನ್ನಾಗಿ ದುಡಿದಿದ್ದೀಯ" ಎನ್ನುತ್ತಿದ್ದರು, ಸಿಪ್ಪೆ ಊದುತ್ತಾ. ನಾನು ಕಡ್ಡಿಗಳನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಹಾಕಿದ್ದೆ. ಇನ್ನು ಯಾರಿಗೂ ಏನೂ ಹೆಣೆಯುವುದಿಲ್ಲ ಎಂದು ತೀರ್ಮಾನಿಸಿದ್ದೆ. ಮಸಿಕುಡಿಕೆಯ ಟೋಪಿ ಸವೆದು ತೂತು ಬಿದ್ದರೂ ಹೊಸದು ಹಾಕಲಿಲ್ಲ.

ಮಾರನೆಯ ವರ್ಷ ಕಾರ್ತಿಕದಲ್ಲಿ ಒಂದು ದಿನ ವೀರಭದ್ರಪ್ಪನವರು ಬೆಲ್ಲ ಹಾಕಲು ಮಂಡಿಗೆ ಬಂದವರು, ಯಜಮಾನರ ಜೊತೆ ಮನೆಗೂ ಬಂದರು. ಮೈಮೇಲೆ ಕಂದುಗೆಂಪು ಸ್ವೆಟರು, ಹೊಲಿಸಿದ ಹಾಗೆ ಕೂತಿತ್ತು. ಕೈಯಲ್ಲಿ ಒಂದು ದೊಡ್ಡ ಗಂಟು. ಕಾಫಿ ಕುಡಿಯುತ್ತಾ ರೊದ್ದಂನ ಸುದ್ದಿ ಹೇಳಿದರು. ಶಿವಲೀಲ ಹಾಕಿದ ಕುಲಾವಿಗಳನ್ನು ನೋಡಿ ಅಕ್ಕಪಕ್ಕದ ಊರಿನವರೆಲ್ಲ ಕೇಳಿಕೊಂಡು ಬರುತ್ತಾರಂತೆ. ಬಂದವರಿಗೆ ಅವಳು ಮೊದಲೇ ಬೆಲೆ ಹೇಳುತ್ತಾಳಂತೆ, ನೆಲ ನೋಡಿಕೊಂಡಲ್ಲ, ಮುಖ ನೋಡಿಕೊಂಡು. ಗೊಂಡೆ ಸಣ್ಣದು ಎಂದವರಿಗೆ, "ಬ್ಯಾಡಾದ್ರೆ ಬಿಡ್ರಿ, ಇನ್ನೊಬ್ರು ಕಾಯ್ತಾವ್ರೆ" ಎನ್ನುತ್ತಾಳಂತೆ. ಮನೆಗೆ ನಾಲ್ಕು ಜನ ಹುಡುಕಿಕೊಂಡು ಬರುವುದನ್ನು ಕಂಡು ರೊದ್ದಂನ ಅತ್ತೆಯವರೇ, ಊಟವಾದ ಮೇಲೆ ಕಿರಿಸೊಸೆಗೆ ಯಾರೂ ಕೆಲಸ ಹೇಳಕೂಡದು, ಅವಳು ಕೂತು ಹೆಣೆಯಲಿ ಎಂದು ಅಪ್ಪಣೆ ಮಾಡಿದ್ದಾರಂತೆ. ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ದಿನಾ ಸಂಜೆವರೆಗೂ ಕೂರುತ್ತಾಳಂತೆ.

ನನಗೆ ಸಂತೋಷವಾಯಿತು. ನಿಜವಾಗಿ ಆಯಿತು. ಅದರ ಜೊತೆಗೆ, ನಾನು ಕಲಿಸಿದ್ದು ಎಂಬ ಜಂಬವೂ, ನನಗೇಕೆ ಹೀಗೆ ಆಗಲಿಲ್ಲ ಎಂಬ ಒಂದು ಸಣ್ಣ ಉರಿಯೂ ಆಯಿತು.

"ಅವ್ಳು ಒಂದು ಮಾತು ಕೇಳ್ಕಂಬಾ ಅಂದ್ಲು" ಎಂದು ವೀರಭದ್ರಪ್ಪನವರು ಗಂಟು ಬಿಚ್ಚಿದರು. ಒಳಗೆ ಬಣ್ಣಬಣ್ಣದ ಉಣ್ಣೆ, ಅದರ ಮೇಲೆ ಗಂಟು ಹಾಕಿದ ದಾರಗಳು, ಒಂದೊಂದಕ್ಕೂ ಚೀಟಿ ಕಟ್ಟಿತ್ತು. "ಒಬ್ಬಳ ಕೈಯಾಗೆ ಪೂರೈಸಲ್ವಂತೆ. ನೀವು ಒಂದಷ್ಟು ಕುಲಾವಿ ಹಾಕ್ಕೊಡ್ತೀರಾ ಅಂತ ಕೇಳಿದ್ಲು. ಕೂಲಿ ಕೊಡ್ತಾಳಂತೆ. ಗಿರಾಕಿ ಮಾತು, ಬೆಲೆ ಮಾತು ಏನಿದ್ರೂ ಅವ್ಳೇ ನೋಡ್ಕಂತಾಳಂತೆ."

ಆತ ಹೋದ ಮೇಲೆ ಯಜಮಾನರು ನನ್ನ ಮುಖ ನೋಡಿದರು. ಶಿಷ್ಯೆಯ ಕೈಕೆಳಗೆ ಕೂಲಿಗೆ ಕೂರಲು ನಾನು ಒಪ್ಪುವೆನೇ ಎಂದು ಅವರಿಗೆ ಸಂಶಯ. ನನಗೂ ಒಂದು ಗಳಿಗೆ ಹಾಗೆಯೇ ಅನ್ನಿಸಿತು. ಆಮೇಲೆ ಟ್ರಂಕಿನ ಬೀಗ ತೆಗೆದು, ಅಡಿಯಿಂದ ಕಡ್ಡಿ ಹುಡುಕಿ ತೆಗೆದೆ. ಸಂಜೆಯ ಹೊತ್ತಿಗೆ ಒಂದು ಹಳದಿ ಕುಲಾವಿ ಅರ್ಧವಾಗಿತ್ತು. ಗೇಣು ಹಾಕಿ ನೋಡುವವರಿಲ್ಲ, ಹೂವು ಬೇಕು ಬೇಡ ಎನ್ನುವವರಿಲ್ಲ. ಬೆರಳು ನೋಯಲೂ ಇಲ್ಲ. ಅವತ್ತಿನ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ, ಯಜಮಾನರು ಏನೂ ಹೇಳಲಿಲ್ಲ.

ಅಂದಿನಿಂದ ನಮ್ಮ ಓಣಿಯಲ್ಲಿ ಯಾರಾದರೂ ಕುಲಾವಿ ಕೇಳಲು ಬಂದರೆ ನಾನು ಗಂಭೀರವಾಗಿ, "ಈಗ ಸುಮ್ಮನೆ ಹಾಕಲು ಬಿಡುವಿಲ್ಲಮ್ಮ, ಉದ್ಯೋಗದಲ್ಲಿದ್ದೇನೆ" ಎನ್ನುತ್ತೇನೆ. ಯಾವ ಉದ್ಯೋಗ, ಎಲ್ಲಿ ಎಂದು ಕೇಳಿದರೆ ರೊದ್ದಂ ಕಡೆಯದು ಎಂದು ಹೇಳುತ್ತೇನೆ. ಕೂಲಿ ಕೊಡುವ ಯಜಮಾನಿಗೆ ವಯಸ್ಸೆಷ್ಟು ಎಂದು ಕೇಳುವಷ್ಟರಲ್ಲಿ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಒಳಗೆ ಹೋಗುತ್ತೇನೆ.